ಎಲ್ಲ ಸಾಲಿಗೂ ಪುಟಸಂಖ್ಯೆ ಹಾಕಿ ಕಳಿಸಿದರೆ ಸಾಕೇ?

ಪ್ರಶ್ನೆ: ಮಾನ್ಯರೇ, ನಾನು ಅರಿವಳಿಕೆ ವಿಭಾಗದಲ್ಲಿ ಎಂ.ಡಿ. ಕೊನೆಯ ವರ್ಷದಲ್ಲಿದ್ದೇನೆ. ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಒಂದು ಗುಂಪಿಗೆ ಟ್ಯಾಪ್ ಬ್ಲಾಕ್ (ಹೊಟ್ಟೆಯ ಗೋಡೆಯ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್), ಇನ್ನೊಂದಕ್ಕೆ ಗಾಯದ ಸುತ್ತ ಮರಗಟ್ಟಿಸುವ ಔಷಧದ ಇಂಜೆಕ್ಷನ್ ಕೊಟ್ಟು, ಒಟ್ಟು 60 ರೋಗಿಗಳಲ್ಲಿ ಹೋಲಿಸಿ ಥೀಸಿಸ್ ಮಾಡಿದ್ದೇನೆ. ಸಿನಾಪ್ಸಿಸ್‌ನಲ್ಲೂ (ಥೀಸಿಸ್‌ಗೆ ಮುಂಚೆ ಕೊಡುವ ಯೋಜನೆ) ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ಸಾರ್ವಜನಿಕ ನೋಂದಣಿಯಲ್ಲೂ ಪ್ರೈಮರಿ ಔಟ್‌ಕಮ್ (ಮುಖ್ಯವಾಗಿ ಅಳೆಯುವ ಫಲಿತಾಂಶ) ಎಂದು ಬರೆದದ್ದು 24 ಗಂಟೆಯಲ್ಲಿ ಬೇಕಾದ ನೋವುನಿವಾರಕ ಟ್ರಮಡಾಲ್‌ನ ಪ್ರಮಾಣವನ್ನು. ಅದರಲ್ಲಿ ವ್ಯತ್ಯಾಸ ಬರಲಿಲ್ಲ. ಐದು ಹೊತ್ತು, ಮಲಗಿದ್ದಾಗಲೂ ಕೆಮ್ಮಿದಾಗಲೂ ನೋವಿನ ಸ್ಕೋರ್ ಬರೆದುಕೊಂಡಿದ್ದೆ. ಅದರಲ್ಲಿ ಆರನೇ ಗಂಟೆಯ ಒಂದು ಸ್ಕೋರಿಗೆ ಮಾತ್ರ ಪಿ ಮೌಲ್ಯ 0.03 ಬಂತು (0.05ಕ್ಕಿಂತ ಕಡಿಮೆಯಾದರೆ ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎಂದು ಎಣಿಸುವುದು ರೂಢಿ). ಅದನ್ನೇ ಪ್ರೈಮರಿ ಮಾಡಿ ಪೇಪರ್ ಬರೆಯಲು ಗೈಡ್ ಹೇಳಿದರು. ಈಗ ಜರ್ನಲ್‌ನವರು ಕನ್ಸಾರ್ಟ್ ಚೆಕ್‌ಲಿಸ್ಟ್, ಅಂದರೆ ಪ್ರಯೋಗದ ವರದಿಯಲ್ಲಿ ಏನೇನು ಇರಬೇಕೆಂಬ ಪಟ್ಟಿಯನ್ನು ತುಂಬಿ ಕೇಳಿದ್ದಾರೆ. ಎಲ್ಲ ಸಾಲಿಗೂ ಒಂದೊಂದು ಪುಟಸಂಖ್ಯೆ ಹಾಕಿ ಕಳಿಸು, ಯಾರೂ ನೋಡುವುದಿಲ್ಲ ಎಂದು ಸೀನಿಯರ್‌ಗಳು ಹೇಳುತ್ತಾರೆ. ಗುಂಪು ಹಂಚಲು ಡಬ್ಬಿಯಿಂದ ಚೀಟಿ ಎತ್ತಿದ್ದು ನಾನೇ. ಆದರೆ ಗುಂಪಿನ ಹೆಸರು ‘ಮುಚ್ಚಿದ ಅಪಾರದರ್ಶಕ ಲಕೋಟೆ’ಯಲ್ಲಿತ್ತು ಎಂದೇ ಎಲ್ಲರೂ ಬರೆಯುತ್ತಾರಂತೆ. ದೊಡ್ಡ ಸಂಶೋಧಕರೂ ಈ ನಿಯಮಗಳನ್ನು ಪಾಲಿಸುವುದಿಲ್ಲ ಎಂಬುದು ನಿಜವೇ? ಹಾಗಿದ್ದರೆ ನಾನೊಬ್ಬ ಪಾಲಿಸಿ ಆಗುವುದೇನು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಹೆಣೆದುಕೊಂಡಿವೆ. ವರದಿಯ ನಿಯಮಗಳನ್ನು ಲೋಕ ಎಷ್ಟರ ಮಟ್ಟಿಗೆ ಪಾಲಿಸುತ್ತಿದೆ ಎಂಬುದು ಒಂದು. ನಡೆಯದ ಲಕೋಟೆಯನ್ನು ನಡೆಯಿತೆಂದು ಬರೆಯಬಹುದೇ ಎಂಬುದು ಎರಡನೆಯದು. ಮೊದಲು ಹೇಳಿದ ಫಲಿತಾಂಶವನ್ನು ಬಿಟ್ಟು ಆಮೇಲೆ ಸಿಕ್ಕಿದ್ದನ್ನು ಮುಂದಿಡಬಹುದೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ಸಿಗುವ ಉತ್ತರವನ್ನೇ ಉಳಿದೆರಡಕ್ಕೂ ನೆಪ ಮಾಡಿಕೊಳ್ಳುವುದು ನಮ್ಮ ವಿಭಾಗಗಳಲ್ಲಿ ರೂಢಿಯಾಗಿಬಿಟ್ಟಿದೆ. ವೈದ್ಯಕೀಯ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ, ಜರ್ನಲ್‌ಗಳಿಗೆ ಹಸ್ತಪ್ರತಿ ಪರಿಶೀಲಿಸುತ್ತ ಬಂದವನಾಗಿ ನಾನು ಇವುಗಳನ್ನು ಬಿಡಿಸಿಯೇ ನೋಡುತ್ತೇನೆ.

ನಿಮ್ಮ ಸೀನಿಯರ್‌ಗಳ ಮಾತು ಅರ್ಧ ನಿಜ. ಕನ್ಸಾರ್ಟ್ ಮೊದಲು ಪ್ರಕಟವಾದದ್ದು 1996ರಲ್ಲಿ. 2001ರಲ್ಲೂ 2010ರಲ್ಲೂ ಪರಿಷ್ಕರಣೆಗೊಂಡು, 2025ರ ಏಪ್ರಿಲ್‌ನಲ್ಲಿ 30 ಅಂಶಗಳ ಹೊಸ ರೂಪದಲ್ಲಿ ಬಂದಿದೆ. ಇಷ್ಟು ವರ್ಷಗಳಲ್ಲಿ ನೂರಾರು ಜರ್ನಲ್‌ಗಳು ಇದನ್ನು ಒಪ್ಪಿಕೊಂಡು ಲೇಖಕರಿಗೆ ಸೂಚನೆ ಕೊಟ್ಟಿವೆ, ಆದರೆ ಪಾಲನೆ ಮಾತ್ರ ಆಮೆಯ ನಡಿಗೆಯಲ್ಲಿ ಸಾಗಿದೆ. 2000ದ ಡಿಸೆಂಬರ್ ಮತ್ತು 2006ರ ಡಿಸೆಂಬರ್ ತಿಂಗಳುಗಳಲ್ಲಿ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ಗೆ ಸೇರಿದ ಪ್ರಯೋಗಗಳನ್ನು ಹೋಲಿಸಿದ ಒಂದು ಅಧ್ಯಯನದಲ್ಲಿ, ಎಷ್ಟು ರೋಗಿಗಳು ಬೇಕೆಂದು ಹೇಗೆ ಲೆಕ್ಕ ಹಾಕಿದೆವು ಎಂಬುದನ್ನು ಬರೆದಿದ್ದ ಪೇಪರ್‌ಗಳ ಪಾಲು ಶೇಕಡಾ 27ರಿಂದ 45ಕ್ಕೆ ಏರಿತ್ತು. ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾನೆಂಬುದನ್ನು ಮುಚ್ಚಿಟ್ಟ ಬಗೆಯನ್ನು ಹೇಳಿದ್ದವು ಶೇಕಡಾ 18 ಇದ್ದದ್ದು 25 ಆಗಿತ್ತು, ಅಷ್ಟೇ. ಅಂದರೆ ಪಟ್ಟಿ ಹೊರಬಂದು ಹತ್ತು ವರ್ಷವಾದ ಮೇಲೂ ನಾಲ್ಕರಲ್ಲಿ ಮೂರು ಪೇಪರ್‌ಗಳು ಈ ವಿಷಯದಲ್ಲಿ ಬಾಯಿ ಬಿಟ್ಟಿರಲಿಲ್ಲ.

ಇದೆಲ್ಲ ಸಣ್ಣ ಜರ್ನಲ್‌ಗಳ ಕಥೆ, ದೊಡ್ಡವರಲ್ಲಿ ಹೀಗಿಲ್ಲ ಎಂಬುದು ತಪ್ಪು ತಿಳಿವಳಿಕೆ. ಆಕ್ಸ್‌ಫರ್ಡ್‌ನ ಬೆನ್ ಗೋಲ್ಡೇಕರ್ ಮತ್ತು ಅವರ ಸಂಗಡಿಗರು ‘ಕಂಪೇರ್’ ಎಂಬ ಯೋಜನೆಯಲ್ಲಿ 2015ರ ಕೊನೆಯ ತಿಂಗಳುಗಳಿಂದ 2016ರ ಆರಂಭದವರೆಗೆ ಲ್ಯಾನ್ಸೆಟ್, ಬಿಎಂಜೆ, ಜಾಮಾ, ನ್ಯೂ ಇಂಗ್ಲೆಂಡ್ ಜರ್ನಲ್ ಮತ್ತು ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಎಂಬ ಐದು ಅಗ್ರ ಜರ್ನಲ್‌ಗಳ 67 ಪ್ರಯೋಗಗಳನ್ನು ಅವುಗಳ ನೋಂದಣಿ ಮತ್ತು ಪ್ರೊಟೊಕಾಲ್ (ಮೊದಲೇ ಬರೆದಿಟ್ಟ ಯೋಜನೆ) ಜೊತೆಗಿಟ್ಟು ನೋಡಿದರು. ಮೊದಲು ಹೇಳಿದಂತೆಯೇ ವರದಿ ಮಾಡಿದ್ದವು ಒಂಬತ್ತೇ ಒಂಬತ್ತು. ಮುಂಚಿತವಾಗಿ ಘೋಷಿಸಿದ್ದ 354 ಫಲಿತಾಂಶಗಳ ಸುದ್ದಿಯೇ ಇರಲಿಲ್ಲ. ಹೇಳದೆ ಕೇಳದೆ ಸೇರಿಕೊಂಡ ಹೊಸ ಫಲಿತಾಂಶಗಳು 357. ತಂಡ ಉಳಿದ 58 ಪ್ರಯೋಗಗಳ ಬಗ್ಗೆಯೂ ಸಂಪಾದಕರಿಗೆ ತಿದ್ದುಪಡಿ ಪತ್ರ ಬರೆಯಿತು, ಅಚ್ಚಾದವು 23. ಈ ಐದೂ ಜರ್ನಲ್‌ಗಳು ಕನ್ಸಾರ್ಟ್‌ಗೆ ಬೆಂಬಲ ಘೋಷಿಸಿದ್ದವು ಎಂಬುದನ್ನು ಮರೆಯಬೇಡಿ.

ಚೆಕ್‌ಲಿಸ್ಟನ್ನು ಯಾರೂ ನೋಡುವುದಿಲ್ಲ ಎಂಬ ಮಾತಿಗೂ ಪುರಾವೆ ಇದೆ, ಅದೂ ಒಂದು ರಾಂಡಮೈಸ್ಡ್ (ಚೀಟಿ ಎತ್ತಿದಂತೆ ಗುಂಪು ಹಂಚುವ) ಪ್ರಯೋಗದಿಂದಲೇ. ಪ್ರಾಣಿಗಳ ಮೇಲಿನ ಅಧ್ಯಯನಗಳಿಗೆ ‘ಅರೈವ್’ ಎಂಬ ಇಂಥದೇ ಪಟ್ಟಿ ಇದೆ. ಪ್ಲಾಸ್ ಒನ್ ಜರ್ನಲ್‌ಗೆ ಬಂದ 1,689 ಹಸ್ತಪ್ರತಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಲೇಖಕರಿಂದ ಮಾತ್ರ ಈ ಪಟ್ಟಿಯನ್ನು ಕಡ್ಡಾಯವಾಗಿ ತುಂಬಿಸಿಕೊಂಡರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳಲ್ಲಿ ಒಂದೇ ಒಂದು ಪೇಪರ್ ಕೂಡ ಪಟ್ಟಿಯನ್ನು ಪೂರ್ತಿಯಾಗಿ ಪಾಲಿಸಿರಲಿಲ್ಲ. ಫಾರಂ ತುಂಬಿಸಿಕೊಳ್ಳುವುದರಿಂದ ಬರವಣಿಗೆ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಯಾರಾದರೂ ಕುಳಿತು, ಈ ಸಾಲಿಗೆ ಐದನೇ ಪುಟ ಎಂದಿದ್ದೀರಿ, ಐದನೇ ಪುಟದಲ್ಲಿ ಅದು ಎಲ್ಲಿದೆ ಎಂದು ಕೇಳಿದಾಗ ತಿದ್ದಿಕೊಳ್ಳುತ್ತದೆ. ನಾನು ಪರಿಶೀಲಿಸಿದ ಒಂದು ಹಸ್ತಪ್ರತಿಯಲ್ಲಿ ರಾಂಡಮೈಸೇಷನ್‌ಗೆ ಸಂಬಂಧಿಸಿದ ನಾಲ್ಕೂ ಸಾಲುಗಳಿಗೆ ಏಳನೇ ಪುಟವನ್ನು ಸೂಚಿಸಿದ್ದರು. ಏಳನೇ ಪುಟದಲ್ಲಿದ್ದದ್ದು ರೋಗಿಗಳ ವಯಸ್ಸು ಮತ್ತು ತೂಕದ ಕೋಷ್ಟಕ.

ಆದ್ದರಿಂದ ‘ನಿಜವೇ’ ಎಂಬ ನಿಮ್ಮ ಪ್ರಶ್ನೆಗೆ, ಹೌದು, ಪಾಲನೆ ಕಳಪೆಯಾಗಿದೆ, ನಿಧಾನವಾಗಿ ಸುಧಾರಿಸುತ್ತಿದೆ ಎಂಬುದೇ ಉತ್ತರ. ‘ಯಾರೂ ಓದುವುದಿಲ್ಲ’ ಎಂಬ ಉಳಿದರ್ಧ ಮಾತ್ರ ಸುಳ್ಳು. ಸಂಪಾದಕರು ಓದದಿರಬಹುದು, ಮೂರು ವರ್ಷದ ನಂತರ ಟ್ಯಾಪ್ ಬ್ಲಾಕ್ ಕುರಿತ ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ಸಿಸ್ಟಮ್ಯಾಟಿಕ್ ರಿವ್ಯೂ ಬರೆಯುವವರು ಖಂಡಿತ ಓದುತ್ತಾರೆ. ಅವರು ನಿಮ್ಮ ಸಿಟಿಆರ್‌ಐ ಪುಟವನ್ನೂ ಪೇಪರನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡೇ ಕೂರುತ್ತಾರೆ, ಏಕೆಂದರೆ ಅವರ ಕೆಲಸವೇ ಅದು.

ಇಲ್ಲಿ ಇನ್ನೊಂದು ಗೊಂದಲವನ್ನೂ ನಿವಾರಿಸಬೇಕು. ಕನ್ಸಾರ್ಟ್ ಎನ್ನುವುದು ಅಧ್ಯಯನಕ್ಕೆ ಅಂಕ ಕೊಡುವ ಪರೀಕ್ಷೆಯಲ್ಲ. ಕೆಟ್ಟದಾಗಿ ನಡೆಸಿದ ಪ್ರಯೋಗವನ್ನೂ ಪಟ್ಟಿಯ ಪ್ರಕಾರ ಪೂರ್ತಿಯಾಗಿ ವರದಿ ಮಾಡಬಹುದು. ಚೆನ್ನಾಗಿ ನಡೆಸಿದ್ದನ್ನೂ ಹಾಳಾಗಿ ಬರೆಯಬಹುದು. ಅಮೆರಿಕದ ರೇಡಿಯೇಷನ್ ಥೆರಪಿ ಆಂಕಾಲಜಿ ಗ್ರೂಪ್ ನಡೆಸಿದ ಕ್ಯಾನ್ಸರ್ ಪ್ರಯೋಗಗಳ ಮೂಲ ಪ್ರೊಟೊಕಾಲ್‌ಗಳನ್ನು ತೆಗೆದು ನೋಡಿದಾಗ ಎಲ್ಲ ಪ್ರಯೋಗಗಳಲ್ಲೂ ಹಂಚಿಕೆಯನ್ನು ಸರಿಯಾಗಿ ಮುಚ್ಚಿಡಲಾಗಿತ್ತು. ಪ್ರಕಟವಾದ ಪೇಪರ್‌ಗಳಲ್ಲಿ ಅದನ್ನು ಹೇಳಿದ್ದವು ಶೇಕಡಾ 41 ಮಾತ್ರ ಎಂದು 2004ರಲ್ಲಿ ಬಿಎಂಜೆಯಲ್ಲಿ ವರದಿಯಾಯಿತು. ಅವರು ಮಾಡಿದ ಒಳ್ಳೆಯ ಕೆಲಸ ಓದುಗನಿಗೆ ಕಾಣದೇ ಹೋಯಿತು. ನಿಮ್ಮ ಸೀನಿಯರ್‌ಗಳು ಸೂಚಿಸುತ್ತಿರುವುದು ಇದರ ತಿರುಗುಮುರುಗು: ಮಾಡದೇ ಇದ್ದದ್ದು ಕಾಣುವಂತೆ ಬರೆಯುವುದು. ಮೊದಲನೆಯದು ಅಲಕ್ಷ್ಯ, ಎರಡನೆಯದು ಸುಳ್ಳು. ಪಾಲನೆಯ ಶೇಕಡಾವಾರು ಲೆಕ್ಕದಲ್ಲಿ ಮಾತ್ರ ಎರಡನೆಯದಕ್ಕೇ ಹೆಚ್ಚು ಅಂಕ ಬೀಳುತ್ತದೆ ಎಂಬುದು ಈ ಲೆಕ್ಕಗಳ ದೊಡ್ಡ ಕೊರತೆ.

ಲಕೋಟೆಯ ವಿಷಯಕ್ಕೆ ಬರೋಣ. ಡಬ್ಬಿಯಲ್ಲಿ 30 ‘ಎ’, 30 ‘ಬಿ’ ಚೀಟಿ ಹಾಕಿ, ಚೆನ್ನಾಗಿ ಕಲಕಿ, ಎತ್ತಿದ್ದನ್ನು ಮತ್ತೆ ಹಾಕದೆ ಹೋದರೆ ಅದು ನ್ಯಾಯವಾದ ರಾಂಡಮ್ ವಿಧಾನವೇ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ತೊಂದರೆ ಇರುವುದು ಎತ್ತಿದವರು ಯಾರು ಎಂಬಲ್ಲಿ. ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವವರೂ ನೀವೇ, ಚೀಟಿ ಎತ್ತುವವರೂ ನೀವೇ ಆದರೆ, ದಪ್ಪ ಹೊಟ್ಟೆಯ, ಬ್ಲಾಕ್ ಹಾಕಲು ಕಷ್ಟವಾದ ರೋಗಿ ಮೇಜಿನ ಮೇಲಿದ್ದಾಗ ‘ಎ’ ಬಂದರೆ ಅದನ್ನು ಮಡಚಿ ಒಳಗೆ ಹಾಕಿ ಇನ್ನೊಂದನ್ನು ಎತ್ತುವ ಅವಕಾಶ ಇರುತ್ತದೆ. ನೀವು ಹಾಗೆ ಮಾಡಿದಿರಿ ಎಂದಲ್ಲ; ಮಾಡಲಿಲ್ಲ ಎಂದು ಓದುಗನಿಗೆ ತಿಳಿಯುವ ದಾರಿ ಇಲ್ಲ ಎಂದಷ್ಟೇ. ಕೆನೆತ್ ಶುಲ್ಜ್ ಮತ್ತು ಸಂಗಡಿಗರು 1995ರಲ್ಲಿ 250 ಪ್ರಯೋಗಗಳನ್ನು ವಿಶ್ಲೇಷಿಸಿ, ಹಂಚಿಕೆಯನ್ನು ಸರಿಯಾಗಿ ಮುಚ್ಚಿಡದ ಕಡೆ ಚಿಕಿತ್ಸೆಯ ಪರಿಣಾಮ ಆಡ್ಸ್ ರೇಶಿಯೋ (ಎರಡು ಗುಂಪುಗಳನ್ನು ಹೋಲಿಸುವ ಒಂದು ಅನುಪಾತ) ಲೆಕ್ಕದಲ್ಲಿ ಸರಾಸರಿ ಶೇಕಡಾ 41ರಷ್ಟು ಉಬ್ಬಿ ಕಾಣುತ್ತದೆಂದೂ, ಮುಚ್ಚಿಟ್ಟರೋ ಇಲ್ಲವೋ ಎಂದು ಸ್ಪಷ್ಟವಾಗಿ ಬರೆಯದ ಕಡೆ ಶೇಕಡಾ 30ರಷ್ಟು ಉಬ್ಬುತ್ತದೆಂದೂ ತೋರಿಸಿದರು. ಅದೇ ವರ್ಷ ಶುಲ್ಜ್ ಇನ್ನೊಂದು ಲೇಖನದಲ್ಲಿ ವೈದ್ಯರು ಲಕೋಟೆಗಳನ್ನು ಪ್ರಖರವಾದ ದೀಪಕ್ಕೆ ಹಿಡಿದು ಒಳಗಿನ ಅಕ್ಷರ ಓದಿದ ಪ್ರಸಂಗಗಳನ್ನು ದಾಖಲಿಸಿದರು. ‘ಅಪಾರದರ್ಶಕ’ ಎಂಬ ವಿಶೇಷಣದ ಹಿಂದೆ ಇಂಥ ಕಥೆಗಳಿವೆ. ಈಗ ಅದು ನಮ್ಮ ಥೀಸಿಸ್‌ಗಳಲ್ಲಿ ಹಿಂದಿನ ಬ್ಯಾಚಿನಿಂದ ಮುಂದಿನ ಬ್ಯಾಚಿಗೆ ಕಾಪಿಯಾಗುವ ಮಂತ್ರವಾಗಿ ಉಳಿದಿದೆ.

ಮೂರನೆಯದು, ಎಲ್ಲಕ್ಕಿಂತ ಭಾರವಾದದ್ದು, ಪ್ರೈಮರಿ ಔಟ್‌ಕಮ್ ಬದಲಿಸುವ ಪ್ರಶ್ನೆ. ನೀವು ನೋವನ್ನು ಐದು ಹೊತ್ತು, ಎರಡು ಸ್ಥಿತಿಗಳಲ್ಲಿ ಅಳೆದಿದ್ದೀರಿ. ಅಂದರೆ ಹತ್ತು ಹೋಲಿಕೆಗಳು. ಎರಡು ವಿಧಾನಗಳ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ, ಹತ್ತು ಹೋಲಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ, ಕನಿಷ್ಠ ಒಂದರಲ್ಲಾದರೂ ಪಿ ಮೌಲ್ಯ 0.05ಕ್ಕಿಂತ ಕೆಳಗೆ ಬೀಳುವ ಸಾಧ್ಯತೆ ಸುಮಾರು ಶೇಕಡಾ 40. ಒಬ್ಬನೇ ರೋಗಿಯ ಸ್ಕೋರುಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ನಿಮ್ಮಲ್ಲಿ ಇದು ಇನ್ನೂ ಕಡಿಮೆಯಾಗುತ್ತದೆ, ಆದರೆ ಪಿ ಮೌಲ್ಯ ನೋಡಿದವರು ಅಂದುಕೊಳ್ಳುವ ಶೇಕಡಾ ಐದಕ್ಕಿಂತ ಬಹಳ ಹೆಚ್ಚೇ ಇರುತ್ತದೆ. ಆ ಹತ್ತರಲ್ಲಿ ಗೆದ್ದದ್ದನ್ನು ಆರಿಸಿ ಇದೇ ನಮ್ಮ ಪ್ರಶ್ನೆಯಾಗಿತ್ತು ಎನ್ನುವುದು, ಚೌಕಾಬಾರದಲ್ಲಿ ಕವಡೆ ಬಿದ್ದ ಮೇಲೆ ನಾನು ಕೇಳಿದ್ದು ಇದೇ ಗರ ಎಂದು ಕಾಯಿ ನಡೆಸಿದಂತೆ. ಮಕ್ಕಳೂ ಅದನ್ನು ಒಪ್ಪುವುದಿಲ್ಲ.

ಮುಂಚಿತ ಘೋಷಣೆ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ಹಣದಿಂದ ನಡೆದ ದೊಡ್ಡ ಪ್ರಯೋಗಗಳನ್ನು 2015ರಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿದರು. 2000ಕ್ಕೆ ಮುಂಚೆ ಪ್ರಕಟವಾದ 30ರಲ್ಲಿ 17 ಪ್ರಯೋಗಗಳು ಚಿಕಿತ್ಸೆಯಿಂದ ಲಾಭವಿದೆ ಎಂದಿದ್ದವು. ಪ್ರೈಮರಿ ಔಟ್‌ಕಮ್ ಅನ್ನು ನೋಂದಣಿಯಲ್ಲಿ ಮೊದಲೇ ಬರೆದಿಡುವ ಪದ್ಧತಿ ಬಂದ ಅನಂತರದ 25ರಲ್ಲಿ ಹಾಗೆಂದವು ಎರಡೇ. ಔಷಧಗಳು ಒಮ್ಮೆಲೇ ಶಕ್ತಿ ಕಳೆದುಕೊಂಡವೆಂದು ಯಾರೂ ಹೇಳಲಾರರು. ಬೇರೆ ಕಾರಣಗಳೂ ಸ್ವಲ್ಪ ಪಾಲು ಪಡೆದಿರಬಹುದು. ಆದರೆ ಗರ ಬದಲಿಸುವ ಸ್ವಾತಂತ್ರ್ಯ ಹೋದದ್ದೇ ಮುಖ್ಯ ಕಾರಣ ಎಂದು ನನ್ನ ಅಭಿಪ್ರಾಯ.

ಹಾಗೆಂದು ಪ್ರೈಮರಿ ಔಟ್‌ಕಮ್ ಬದಲಿಸುವುದೇ ಪಾಪವಲ್ಲ. ಅಳೆಯುವ ಯಂತ್ರ ಕೆಟ್ಟಿರಬಹುದು, ಔಷಧದ ಸರಬರಾಜು ನಿಂತಿರಬಹುದು. 2010ರ ಪಟ್ಟಿಯ 6ಬಿ ಎಂಬ ಸಾಲು ಇರುವುದೇ ಇದಕ್ಕಾಗಿ: ಪ್ರಯೋಗ ಆರಂಭವಾದ ಮೇಲೆ ಫಲಿತಾಂಶಗಳಲ್ಲಿ ಬದಲಾವಣೆ ಮಾಡಿದ್ದರೆ ಕಾರಣಸಹಿತ ಹೇಳಿ ಎಂದು ಅದು ಕೇಳುತ್ತದೆ. ಅಪರಾಧ ಇರುವುದು ಬದಲಿಸಿದ್ದರಲ್ಲಲ್ಲ, ಬದಲಿಸಿದೆವು ಎಂಬುದನ್ನು ಅಡಗಿಸಿದ್ದರಲ್ಲಿ.

ಇದಕ್ಕೆಲ್ಲ ಕಾರಣವನ್ನು ವಿದ್ಯಾರ್ಥಿಗಳ ಸೋಮಾರಿತನದಲ್ಲಿ ಹುಡುಕುವುದು ಅನ್ಯಾಯ. ಕೋರ್ಸಿಗೆ ಸೇರಿ ವಾರ್ಡಿನ ದಾರಿ ಪೂರ್ತಿ ತಿಳಿಯುವ ಮೊದಲೇ ಸಿನಾಪ್ಸಿಸ್ ಕೊಡಬೇಕು. ಆಗ ಕೈಗೆ ಸಿಗುವುದು ಹಿಂದಿನ ವರ್ಷದವರ ಸಿನಾಪ್ಸಿಸ್. ಪೇಪರ್ ಇಲ್ಲದೆ ಅಧ್ಯಾಪಕರಿಗೆ ಬಡ್ತಿ ಇಲ್ಲ, ‘ಸಿಗ್ನಿಫಿಕೆಂಟ್’ ಬಾರದ ಪೇಪರ್ ಅಚ್ಚಾಗುವುದಿಲ್ಲ ಎಂಬ ಭಯ ಬೇರೆ. ಸಂಖ್ಯಾಶಾಸ್ತ್ರಜ್ಞರ ಬಳಿಗೆ ಬರುವುದು ಎಕ್ಸೆಲ್ ಶೀಟ್ ತುಂಬಿದ ಮೇಲೆ, ಥೀಸಿಸ್ ಸಲ್ಲಿಸಲು ಹತ್ತು ದಿನ ಉಳಿದಾಗ. ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ 1938ರಲ್ಲಿ ಕಲ್ಕತ್ತದಲ್ಲಿ ಭಾರತದ ಸಂಖ್ಯಾಶಾಸ್ತ್ರಜ್ಞರ ಮುಂದೆಯೇ, ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಸುವುದೆಂದರೆ ಶವಪರೀಕ್ಷೆಗೆ ಕರೆಸಿದಂತೆ ಎಂಬರ್ಥದ ಮಾತು ಹೇಳಿದ್ದರು. ನನ್ನ ಕೋಣೆಯ ಬಾಗಿಲಲ್ಲಿ ಈಗಲೂ ಬಹುತೇಕ ಶವಗಳೇ ಬರುತ್ತವೆ.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಗೈಡ್ ಹೇಳಿದಂತೆ ಮೌನವಾಗಿ ಕಳಿಸಬಹುದು. ಪ್ರಾಮಾಣಿಕವಾಗಿ ಹೇಳುವುದಾದರೆ, ಹೆಚ್ಚಿನ ಪಾಲು ಏನೂ ಆಗುವುದಿಲ್ಲ, ಅಚ್ಚಾಗುತ್ತದೆ, ಮರೆತುಹೋಗುತ್ತದೆ. ಆದರೆ ನಿಮ್ಮ ವಿರುದ್ಧ ಸಾಕ್ಷಿ ಹೇಳುವ ದಾಖಲೆಗಳು ಮೂರಿವೆ: ಸಿನಾಪ್ಸಿಸ್, ಸಿಟಿಆರ್‌ಐ ಪುಟ, ಥೀಸಿಸ್. ನಾಲ್ಕನೆಯದು ಪೇಪರಿನೊಳಗೇ ಇರುತ್ತದೆ: 60 ರೋಗಿಗಳು ಬೇಕೆಂಬ ಲೆಕ್ಕವನ್ನು ಟ್ರಮಡಾಲ್ ಪ್ರಮಾಣದ ಮೇಲೆ ಹಾಕಿ, ಪ್ರೈಮರಿ ಔಟ್‌ಕಮ್ ಎಂದು ನೋವಿನ ಸ್ಕೋರನ್ನು ಬರೆದರೆ ಅನುಭವಿ ಪರಿಶೀಲಕ ಎರಡೇ ನಿಮಿಷದಲ್ಲಿ ಹಿಡಿಯುತ್ತಾನೆ. ನಾನು ಮೊದಲು ನೋಡುವುದೇ ಆ ಜೋಡಿಯನ್ನು. ಹಿಡಿದದ್ದು ಅಚ್ಚಾದ ಮೇಲಾದರೆ ತಿದ್ದುಪಡಿಯಿಂದ ಹಿಡಿದು ಪೇಪರ್ ಹಿಂತೆಗೆತದವರೆಗೆ ಏನು ಬೇಕಾದರೂ ಆಗಬಹುದು, ಮತ್ತು ಮೊದಲ ಲೇಖಕರ ಜಾಗದಲ್ಲಿ ಇರುವುದು ನಿಮ್ಮ ಹೆಸರು.

ಸಿಟಿಆರ್‌ಐ ನಮೂದನ್ನೇ ಈಗ ತಿದ್ದಿ ಪೇಪರಿಗೆ ಹೊಂದಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ತಿದ್ದಿದ್ದರ ಜಾಡು ಅಲ್ಲಿ ಉಳಿಯುತ್ತದೆ, ಮತ್ತು ರೋಗಿಗಳೆಲ್ಲ ಮನೆಗೆ ಹೋದ ಮೇಲಿನ ದಿನಾಂಕದ ತಿದ್ದುಪಡಿ ಮೌನಕ್ಕಿಂತಲೂ ಕೆಟ್ಟದಾಗಿ ಕಾಣುತ್ತದೆ. 2007ರ ಜುಲೈಯಲ್ಲಿ ಆರಂಭವಾದ ಈ ನೋಂದಣಿ 2018ರ ಏಪ್ರಿಲ್‌ನಿಂದ ಮೊದಲ ರೋಗಿ ಸೇರುವ ಮುಂಚೆಯೇ ಮಾಡಿದ ಅರ್ಜಿಗಳನ್ನು ಮಾತ್ರ ಸ್ವೀಕರಿಸುತ್ತಿರುವುದು ಇಂಥ ಹಿಂದಿನ ಬಾಗಿಲನ್ನು ಮುಚ್ಚಲಿಕ್ಕೇ.

ಇನ್ನೊಂದು ದಾರಿ, ಆರನೇ ಗಂಟೆಯ ಸ್ಕೋರನ್ನು ಮುಂದಿಟ್ಟು ಬದಲಾವಣೆಯನ್ನು ಒಪ್ಪಿಕೊಳ್ಳುವುದು. ನಿರ್ಧಾರ ಅಂಕಿಅಂಶ ನೋಡುವ ಮೊದಲೇ ಆಗಿದ್ದರೆ ಇದಕ್ಕೆ ನಾನೇ ಸಲಹೆ ಕೊಡುತ್ತಿದ್ದೆ. ನಿಮ್ಮಲ್ಲಿ ಆದದ್ದು ಫಲಿತಾಂಶ ಕಂಡ ಮೇಲೆ. ಕಾರಣದ ಜಾಗದಲ್ಲಿ ಬರೆಯಲು ನಿಮ್ಮ ಬಳಿ ನಿಜವಾದ ಕಾರಣ ಇಲ್ಲ.

ಉಳಿಯುವುದು ನೋಂದಾಯಿಸಿದ ಪ್ರಶ್ನೆಗೆ ಸಿಕ್ಕ ಉತ್ತರವನ್ನೇ ಮುಂದಿಡುವ ದಾರಿ. ಇದರಲ್ಲಿಯೂ ಅಪಾಯವಿದೆ: ಒಂದೆರಡು ಜರ್ನಲ್‌ಗಳು ವಾಪಸು ಕಳಿಸಬಹುದು, ಆರು ತಿಂಗಳು ಹೆಚ್ಚು ಹಿಡಿಯಬಹುದು, ಗೈಡ್ ಮುಖ ಗಂಟಿಕ್ಕಬಹುದು. ಆದರೆ ನಿಮ್ಮ ಫಲಿತಾಂಶ ನೀವು ಅಂದುಕೊಂಡಷ್ಟು ಬಡವಾದದ್ದಲ್ಲ. ‘ವ್ಯತ್ಯಾಸ ಬರಲಿಲ್ಲ’ ಎಂದು ಪಿ ಮೌಲ್ಯವೊಂದನ್ನೇ ಬರೆದು ನಿಲ್ಲಿಸಬೇಡಿ. ಎರಡು ಗುಂಪುಗಳ ಟ್ರಮಡಾಲ್ ಪ್ರಮಾಣದ ವ್ಯತ್ಯಾಸವನ್ನೂ ಅದರ ಶೇಕಡಾ 95ರ ಕಾನ್ಫಿಡೆನ್ಸ್ ಇಂಟರ್ವಲ್ ಅನ್ನೂ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಮಿಲಿಗ್ರಾಂನಲ್ಲಿ ಕೊಡಿ. ಆ ವ್ಯಾಪ್ತಿ, ಉದಾಹರಣೆಗೆ, ಅತ್ತ 20 ಇತ್ತ 30 ಮಿಲಿಗ್ರಾಂನೊಳಗೆ ನಿಂತರೆ, ವ್ಯತ್ಯಾಸ ಇದ್ದರೂ ಅದು 50 ಮಿಲಿಗ್ರಾಂನ ಒಂದು ಆಂಪ್ಯೂಲಿಗಿಂತ ಚಿಕ್ಕದು ಎಂದು ಹೇಳಬಹುದು. ಅತ್ತ ಇತ್ತ ನೂರು ದಾಟಿದರೆ 60 ರೋಗಿಗಳಿಂದ ಏನೂ ತೀರ್ಮಾನಿಸಲಾಗದು ಎಂದು ಒಪ್ಪಿಕೊಳ್ಳಬೇಕು. ಮೊದಲನೆಯದಾದರೆ ಅಲ್ಟ್ರಾಸೌಂಡ್ ಯಂತ್ರವಿಲ್ಲದ ತಾಲೂಕು ಆಸ್ಪತ್ರೆಯಲ್ಲಿ ಗಾಯಕ್ಕೇ ಇಂಜೆಕ್ಷನ್ ಕೊಡುವ ಅರಿವಳಿಕೆ ತಜ್ಞರಿಗೆ ಅದು ಬೇಕಾದ ಸುದ್ದಿ. ಎರಡೂ ಸಮ ಎಂದು ಸಾಧಿಸಲು ಈ ಅಧ್ಯಯನವನ್ನು ಹೂಡಿರಲಿಲ್ಲವಾದ್ದರಿಂದ ‘ಸಮ’ ಎಂಬ ಪದವನ್ನು ಮಾತ್ರ ಬಳಸಬೇಡಿ. ಹತ್ತೂ ನೋವಿನ ಸ್ಕೋರುಗಳನ್ನು ಒಂದೇ ಕೋಷ್ಟಕದಲ್ಲಿ ಕೊಟ್ಟು, ಆರನೇ ಗಂಟೆಯದನ್ನು ಮುಂದಿನ ಅಧ್ಯಯನಕ್ಕೆ ಸುಳಿವು ಎಂದಷ್ಟೇ ಹೇಳಿ.

ಗೈಡ್ ಜೊತೆ ಮಾತನಾಡುವಾಗ ನೀತಿಯ ಪಾಠ ಬೇಡ. ಅವರು ನಿಮಗಿಂತ ಹೆಚ್ಚು ಪೇಪರ್ ನೋಡಿದ್ದಾರೆ. ಪೇಪರಿನ ಕರಡನ್ನೂ ಸಿಟಿಆರ್‌ಐ ಪುಟದ ಪ್ರಿಂಟನ್ನೂ ಜೊತೆಗಿಟ್ಟುಕೊಂಡು ಹೋಗಿ, ‘ಸರ್, ಜರ್ನಲ್‌ನವರು ನೋಂದಣಿ ಸಂಖ್ಯೆ ಕೇಳಿದ್ದಾರೆ, ಇವೆರಡೂ ತಾಳೆಯಾಗುತ್ತಿಲ್ಲ, ಏನು ಮಾಡೋಣ’ ಎಂದು ಕೇಳಿ. ನನ್ನ ಅನುಭವದಲ್ಲಿ ಹಿರಿಯರು ಬಹಳಷ್ಟು ಬಾರಿ ಆ ಎರಡು ಕಾಗದಗಳನ್ನು ಅಕ್ಕಪಕ್ಕ ನೋಡಿಯೇ ಇರುವುದಿಲ್ಲ. ನೋಡಿದ ಮೇಲೆ ಹಟ ಹಿಡಿಯುವವರು ಕಡಿಮೆ. ಹಟ ಹಿಡಿದರೆ ಕಾಲೇಜಿನ ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಯವರ ಸಲಹೆ ಕೇಳಬಹುದು. ಅದು ಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಗೆ ಸುಲಭದ ಮಾತಲ್ಲವೆಂದು ನನಗೆ ಗೊತ್ತು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಪೇಪರ್ ಕಳಿಸಿದರೂ ನಷ್ಟವಿಲ್ಲ.

ಚೆಕ್‌ಲಿಸ್ಟ್ ತುಂಬುವಾಗ ಪ್ರತಿ ಸಾಲಿಗೂ ಹಸ್ತಪ್ರತಿಯ ಆ ಪುಟವನ್ನು ತೆರೆದು, ಅಲ್ಲಿರುವ ವಾಕ್ಯದ ಮೇಲೆ ಬೆರಳಿಟ್ಟ ನಂತರವೇ ಸಂಖ್ಯೆ ಬರೆಯಿರಿ. ವಾಕ್ಯ ಇಲ್ಲದಿದ್ದರೆ ಅದನ್ನು ಹಸ್ತಪ್ರತಿಗೆ ಸೇರಿಸಿ. ಕೆಲಸವೇ ನಡೆದಿಲ್ಲದಿದ್ದರೆ ‘ಮಾಡಿಲ್ಲ’ ಎಂದು ಬರೆಯಿರಿ, ಪಟ್ಟಿ ಅದನ್ನು ನಿಷೇಧಿಸಿಲ್ಲ. ಹಂಚಿಕೆಯ ಸಾಲಿಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಪ್ರತಿ ಗುಂಪಿಗೆ 30ರಂತೆ ಒಟ್ಟು 60 ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಕಲಕಲಾಯಿತು, ಪ್ರತಿ ರೋಗಿಗೂ ಒಂದು ಚೀಟಿಯನ್ನು, ರೋಗಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡ ಸಂಶೋಧಕರೇ ಎತ್ತಿದರು, ಎತ್ತಿದ ಚೀಟಿಯನ್ನು ಮರಳಿ ಹಾಕಲಿಲ್ಲ, ಹಂಚಿಕೆಯನ್ನು ಸಂಶೋಧಕರಿಂದ ಮುಚ್ಚಿಡುವ ವ್ಯವಸ್ಥೆ ಇರಲಿಲ್ಲ.’ ಕೊನೆಯ ಭಾಗವನ್ನು ಚರ್ಚೆಯ ವಿಭಾಗದಲ್ಲಿ ಅಧ್ಯಯನದ ಮಿತಿ ಎಂದು ಇನ್ನೊಮ್ಮೆ ಹೇಳಿ. ಮತ್ತು ನೋವಿನ ಸ್ಕೋರ್ ಬರೆದುಕೊಂಡವರಿಗೆ ರೋಗಿ ಯಾವ ಗುಂಪಿನವನೆಂದು ಗೊತ್ತಿತ್ತೇ ಎಂಬುದನ್ನು ನೀವು ಪತ್ರದಲ್ಲಿ ತಿಳಿಸಿಲ್ಲ. ಆ ಸಾಲಿಗೂ ಉತ್ತರ ಬೇಕಾಗುತ್ತದೆ, ಕಳಿಸುವ ಮೊದಲು ನೆನಪು ಮಾಡಿಕೊಳ್ಳಿ.